ಊರುಗೋಲನ್ನು ಪರೀಕ್ಷಿಸಿ: ಪ್ರವಾದನೆಗಳ ಬೆಳಕಿನಲ್ಲಿ ಹಣವನ್ನಲ್ಲ, ದೇವರನ್ನು ನೆಚ್ಚುವ ಆರು ವಾರಗಳ ಅಭ್ಯಾಸ

ಪ್ರವಾದಿ ಯೆಹೆಜ್ಕೇಲನು 29ನೆಯ ಅಧ್ಯಾಯದಲ್ಲಿ ಐಗುಪ್ತ ದೇಶವನ್ನು ಜೊಂಡಿನ ಊರುಗೋಲು ಎಂದು ಕರೆಯುತ್ತಾನೆ. ಕೈಯಲ್ಲಿ ಹಿಡಿದವರ ಹೆಗಲನ್ನು ಅದು ಸೀಳಿತು, ಒರಗಿಕೊಂಡವರ ಸೊಂಟವನ್ನು ನಡುಗಿಸಿತು. ಇದೇ ಮಾತನ್ನು ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ ಅಶ್ಶೂರದ ಸೇನಾಧಿಕಾರಿಯೊಬ್ಬ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಹೇಳಿದ್ದ. ಶತ್ರುವಿನ ಬಾಯಿಂದ ಬಂದಿದ್ದರೂ ಆ ಒಂದು ಮಾತು ನಿಜವಾಗಿತ್ತು.

ಜೊಂಡಿನಲ್ಲಿ ದೋಷವಿಲ್ಲ. ಚಾಪೆಗೆ, ಬುಟ್ಟಿಗೆ ಅದು ಒಳ್ಳೆಯ ವಸ್ತು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಾಗ ಮಾತ್ರ ಮುರಿಯುತ್ತದೆ, ಮುರಿದು ಸುಮ್ಮನಿರದೆ ಕೈಗೂ ಚುಚ್ಚುತ್ತದೆ. ಸಂಬಳ, ಉಳಿತಾಯ, ಮನೆ, ಬಂಗಾರ ಇವೆಲ್ಲ ಜೊಂಡಿನ ಜಾತಿಗೆ ಸೇರಿದವು. ಇವನ್ನು ಬಿಸಾಡಿ ಎಂದು ನಾವು ಇಲ್ಲಿ ಹೇಳುತ್ತಿಲ್ಲ. ನಿಮ್ಮ ಭಾರ ಎಲ್ಲಿ ಬಿದ್ದಿದೆ ಎಂದು ಕಂಡುಹಿಡಿದು, ಅದನ್ನು ಸ್ವಲ್ಪಸ್ವಲ್ಪವಾಗಿ ಸರಿಸುವ ಬಗೆಯನ್ನು ಹೇಳುತ್ತಿದ್ದೇವೆ.

ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಬೈಬಲ್, ನೂರು ಪುಟದ ಒಂದು ನೋಟ್‌ಬುಕ್, ಕಳೆದ ಮೂರು ತಿಂಗಳ ಆದಾಯ ಮತ್ತು ಖರ್ಚಿನ ಲೆಕ್ಕ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೊಮ್ಮೆ ಒಂದು ಗಂಟೆ ಸಾಕು. ಮದುವೆಯಾದವರು ಇದನ್ನು ಗಂಡ ಹೆಂಡತಿ ಜೊತೆಯಾಗಿಯೇ ಮಾಡಬೇಕು. ಒಬ್ಬರು ಮಾತ್ರ ಹುರುಪಿನಿಂದ ಶುರು ಮಾಡಿ, ಮನೆಯ ಹಣ ಎಲ್ಲಿಗೆ ಹೋಯಿತೆಂದು ಇನ್ನೊಬ್ಬರಿಗೆ ತಡವಾಗಿ ತಿಳಿದರೆ ಅಲ್ಲಿ ಹುಟ್ಟುವುದು ಜಗಳ. ಒಂಟಿಯಾಗಿರುವವರು ಗುಟ್ಟು ಕಾಪಾಡಬಲ್ಲ ಒಬ್ಬ ವಿಶ್ವಾಸಿಯನ್ನು ಜೊತೆಗೆ ಕರೆದುಕೊಳ್ಳಲಿ.

ಮೊದಲ ಎರಡು ವಾರ: ಮೂರು ಕಾಲಮಿನ ಓದು

ಪ್ರಕಟನೆ ಪುಸ್ತಕದಿಂದ ಆರಂಭಿಸಬೇಡಿ. ಹಾಗೆ ಮಾಡಿದವರಲ್ಲಿ ಬಹಳ ಮಂದಿ ಮೂರನೆಯ ದಿನಕ್ಕೆ ಬೈಬಲ್ ಬದಿಗಿಟ್ಟು ಸುದ್ದಿ ನೋಡುತ್ತ ಕೂರುತ್ತಾರೆ, ಆ ಪುಸ್ತಕ ಹೇಳುವ ಮೃಗಗಳಲ್ಲಿ ಯಾವ ದೇಶ ಯಾವ ಮೃಗ ಎಂದು ಲೆಕ್ಕ ಹಾಕುತ್ತಾರೆ. ಆಗಲೇ ನೆರವೇರಿದ ಪ್ರವಾದನೆಗಳನ್ನು ಮೊದಲು ಓದಿದರೆ ದೇವರು ಮಾತನಾಡುವ ರೀತಿ ಪರಿಚಯವಾಗುತ್ತದೆ. ಇನ್ನೂ ನೆರವೇರಬೇಕಾದವನ್ನು ಆಮೇಲೆ ಓದಿದರೆ ಭಯ ಕಡಿಮೆ, ಅರ್ಥ ಹೆಚ್ಚು.

ಹನ್ನೆರಡು ದಿನಕ್ಕೆ ಈ ಕ್ರಮ ಹಿಡಿಯಿರಿ: ಯೆಶಾಯ 22, ಯೆಶಾಯ 30 ಮತ್ತು 31, 2 ಅರಸುಗಳು 18, ಯೆಶಾಯ 39, ಯೆಶಾಯ 47, ಯೆರೆಮೀಯ 17ರ 5ರಿಂದ 11ನೆಯ ವಚನ, ಯೆರೆಮೀಯ 32, ಯೆಹೆಜ್ಕೇಲ 7, ಯೆಹೆಜ್ಕೇಲ 27 ಮತ್ತು 28, ಹಬಕ್ಕೂಕ ಪೂರ್ತಿ, ಲೂಕ 12, ಪ್ರಕಟನೆ 18. ಉಳಿದ ಎರಡು ದಿನ ಬರೆದದ್ದನ್ನೇ ಮತ್ತೆ ಓದಲು.

ಪುಟದಲ್ಲಿ ಮೂರು ಕಾಲಮು ಎಳೆಯಿರಿ. ಮೊದಲನೆಯದರಲ್ಲಿ, ಈ ಜನ ಯಾವುದನ್ನು ನೆಚ್ಚಿದ್ದರು? ಎರಡನೆಯದರಲ್ಲಿ, ಅದಕ್ಕೆ ಏನಾಯಿತು? ಮೂರನೆಯದರಲ್ಲಿ, ದೇವರು ಅವರಿಗೆ ಏನು ಮಾಡಲು ಹೇಳಿದ? ಮೂರನೆಯ ಕಾಲಮು ಕೆಲವು ದಿನ ಖಾಲಿ ಉಳಿಯುತ್ತದೆ, ಉಳಿಯಲಿ.

ಮೊದಲ ದಿನದ್ದನ್ನು ಮಾದರಿಯಾಗಿ ತುಂಬಿಸೋಣ. ಯೆಶಾಯ 22ರಲ್ಲಿ ಯೆರೂಸಲೇಮಿನವರು ಆಯುಧಗಳನ್ನು ನೋಡಿಕೊಂಡರು, ಪಟ್ಟಣದ ಮನೆಗಳನ್ನು ಎಣಿಸಿದರು, ಗೋಡೆ ಭದ್ರಪಡಿಸಲು ಕೆಲವನ್ನು ಕೆಡವಿದರು, ಎರಡು ಗೋಡೆಗಳ ನಡುವೆ ನೀರಿಗೆ ಹೊಂಡ ಮಾಡಿದರು. ಅರಸ ಹಿಜ್ಕೀಯನ ಕಾಲದ್ದೆಂದು ಹೇಳುವ ಸುರಂಗ ಇಂದಿಗೂ ಅಲ್ಲಿದೆ. ಬಂಡೆಯೊಳಗೆ ಸುಮಾರು 533 ಮೀಟರ್ ಕೊರೆದು ಗೀಹೋನ್ ಬುಗ್ಗೆಯ ನೀರನ್ನು ಸಿಲೋವದ ಕೊಳಕ್ಕೆ ತಂದಿದ್ದಾರೆ. ಪ್ರವಾದಿ ಆ ಕೆಲಸವನ್ನು ತಪ್ಪೆನ್ನಲಿಲ್ಲ. ಇದನ್ನೆಲ್ಲ ಮಾಡಿದಾತನ ಕಡೆಗೆ ನೀವು ಕಣ್ಣೆತ್ತಲಿಲ್ಲ ಎಂಬುದೇ 11ನೆಯ ವಚನದ ದೂರು. ಮುತ್ತಿಗೆ ಬರುವಾಗ ಹೊಂಡ ತೋಡುವುದು ವಿವೇಕ. ಹೊಂಡ ತೋಡಿದೆವಲ್ಲ, ಇನ್ನು ದೇವರೇಕೆ ಎಂಬುದು ಬೇರೆಯೇ ವಿಷಯ.

ಮೂರನೆಯ ದಿನ ಅದೇ ಅರಸನ ಹಣದ ಕಥೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ದಂಡೆತ್ತಿ ಬಂದಾಗ ಹಿಜ್ಕೀಯ 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಕೊಡಲು ಒಪ್ಪಿದ (ತಲಾಂತು ಆ ಕಾಲದ ದೊಡ್ಡ ತೂಕ). ಅರಮನೆಯ ಭಂಡಾರ ಸಾಲದೆ ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಸುಲಿದುಕೊಟ್ಟ. ಅಶ್ಶೂರದ ಅರಸನ ಶಾಸನದಲ್ಲೂ ಈ ಕಪ್ಪದ ಲೆಕ್ಕ ಇದೆ. ಬಂಗಾರ ಅಲ್ಲೂ 30 ತಲಾಂತೇ, ಬೆಳ್ಳಿ ಮಾತ್ರ 800. ಕಪ್ಪ ತೆಗೆದುಕೊಂಡ ಮೇಲೂ ಸೈನ್ಯ ಬಂದೇ ಬಂತು. ದುಡ್ಡು ಕೊಟ್ಟು ಕೊಂಡ ನೆಮ್ಮದಿಯ ಬಾಳಿಕೆ ಎಷ್ಟು ಎಂಬುದನ್ನು ಎರಡನೆಯ ಕಾಲಮಿನಲ್ಲಿ ಬರೆಯಿರಿ.

ಯೆಹೆಜ್ಕೇಲ 27 ಮತ್ತು 28ಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ತೂರ್ ಪಟ್ಟಣವನ್ನು ಸರಕು ತುಂಬಿದ ಹಡಗಾಗಿ ಚಿತ್ರಿಸುವ ಆ ಭಾಗ ಬೇಸರ ಬರುವಷ್ಟು ಉದ್ದ. ಸರಕುಗಳ ಪಟ್ಟಿಯನ್ನು ಹಾರಿಸಬೇಡಿ, ಹಡಗು ಮುಳುಗುವಾಗಿನ ಭಾರ ತಿಳಿಯುವುದು ಆ ಪಟ್ಟಿಯಿಂದಲೇ. ತೂರಿನ ಕಲ್ಲು, ಮರ, ಮಣ್ಣುಗಳನ್ನು ನೀರಿಗೆ ಹಾಕುವರೆಂದು ಅದೇ ಪ್ರವಾದಿ 26:12ರಲ್ಲಿ ಹೇಳಿದ್ದ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಹಳೆಯ ಪಟ್ಟಣದ ಅವಶೇಷಗಳನ್ನು ಸಮುದ್ರಕ್ಕೆ ಸುರಿದು ದಾರಿ ಕಟ್ಟಿ, ಏಳು ತಿಂಗಳ ಮುತ್ತಿಗೆಯ ನಂತರ ದ್ವೀಪದ ಕೋಟೆಯನ್ನು ಹಿಡಿದ.

ಎರಡು ವಾರ ಮುಗಿದ ಮೇಲೆ ಮೂರನೆಯ ಕಾಲಮನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. ಅದರ ಜೊತೆ ಇನ್ನು ನಾಲ್ಕು ಸಾಲು ಸೇರಿಸಿ. ಆದಿಕಾಂಡ 41ರಲ್ಲಿ ಏಳು ವರ್ಷದ ಬೆಳೆಯ ಐದರಲ್ಲಿ ಒಂದು ಪಾಲನ್ನು ಕೂಡಿಡುವ ಏರ್ಪಾಡು ದೇವರು ಕೊಟ್ಟ ಕನಸಿನಿಂದ ಹುಟ್ಟಿತು. ವಿಮೋಚನಕಾಂಡ 16ರಲ್ಲಿ, ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವನ್ನು ಬೆಳಗಿನ ತನಕ ಇಡಬೇಡಿ ಎಂಬ ಅಪ್ಪಣೆ. ಯೆರೆಮೀಯ 29ರಲ್ಲಿ, ಬಾಬೆಲಿಗೆ ಸೆರೆಹೋದವರಿಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎಂಬ ಪತ್ರ. ಲೂಕ 21ರಲ್ಲಿ ಸೈನ್ಯ ಮುತ್ತಿದ್ದನ್ನು ಕಂಡರೆ ಬೆಟ್ಟಕ್ಕೆ ಓಡಿ ಎಂಬ ಎಚ್ಚರಿಕೆ. ಕೂಡಿಡು, ಇಡಬೇಡ, ಕಟ್ಟು, ಬಿಟ್ಟು ಓಡು! ಒಂದೇ ದೇವರ ಬಾಯಿಂದ ಬಂದ ನಾಲ್ಕು ವಿರುದ್ಧ ಮಾತುಗಳು.

ಆದ್ದರಿಂದ ಪ್ರವಾದನೆಯನ್ನು ಹಣಕಾಸಿನ ಯೋಜನೆಯಾಗಿ ಓದಲು ಬರುವುದಿಲ್ಲ. ಅಂತ್ಯಕಾಲದಲ್ಲಿ ಭೂಮಿ ಕೊಳ್ಳಬೇಕೋ ಮಾರಬೇಕೋ ಎಂದು ಕೇಳುವವರಿಗೆ ಬೈಬಲು ಒಂದೇ ಉತ್ತರ ಕೊಡುವುದಿಲ್ಲ. ಅದು ಕಲಿಸುವುದು, ಹೇಳಿದಾಗ ಕೊಳ್ಳಲೂ ಹೇಳಿದಾಗ ಬಿಡಲೂ ಕೈ ಸಡಿಲವಾಗಿರಬೇಕು ಎಂಬುದನ್ನು. ಮುಂದಿನ ನಾಲ್ಕು ವಾರದ ಅಭ್ಯಾಸವೆಲ್ಲ ಕೈ ಸಡಿಲಿಸುವ ಕೆಲಸ.

ಮೂರನೆಯ ವಾರ: ನಿಮ್ಮ ಊರುಗೋಲುಗಳ ಪಟ್ಟಿ

ನೀವು ಯಾರನ್ನು ನಂಬಿದ್ದೀರಿ ಎಂದು ಕೇಳಿದರೆ ಸಭೆಯಲ್ಲಿ ಕೂತ ಎಲ್ಲರದೂ ಒಂದೇ ಉತ್ತರ. ಅದಕ್ಕೇ ಆ ಪ್ರಶ್ನೆ ಕೇಳಬೇಡಿ. ಬದಲಿಗೆ ಈ ಮೂರು ಅರ್ಧ ವಾಕ್ಯಗಳನ್ನು ಯೋಚಿಸದೆ, ಐದೈದು ಸಲ ಪೂರ್ತಿ ಮಾಡಿ:

"... ಇರುವ ತನಕ ನನಗೆ ಚಿಂತೆಯಿಲ್ಲ."
"... ಹೋದರೆ ನನ್ನ ಕತೆ ಮುಗಿಯಿತು."
"ಇನ್ನಷ್ಟು ... ಆದರೆ ಸಾಕು, ಆಮೇಲೆ ದೇವರ ಕೆಲಸ."

ಹದಿನೈದು ಉತ್ತರ ಬರುತ್ತವೆ, ಅವುಗಳಲ್ಲಿ ಎರಡೋ ಮೂರೋ ಮತ್ತೆಮತ್ತೆ ತಲೆ ಹಾಕುತ್ತವೆ. ಅವೇ ನಿಮ್ಮ ಊರುಗೋಲುಗಳು. ಹಣ ಎಂದು ಬಂದರೆ ಗುರುತಿಸುವುದು ಸುಲಭ. ಮಗನ ಸಂಪಾದನೆ, ಸರಕಾರಿ ನೌಕರಿ, ಪಿಂಚಣಿ, ಗಟ್ಟಿಯಾದ ಮೈ, ದೊಡ್ಡವರ ಪರಿಚಯ ಇವು ಬೇಗ ಕಣ್ಣಿಗೆ ಬೀಳುವುದಿಲ್ಲ. ಸಭೆಯ ಹೆಸರು ಕೂಡ ಒಂದು ಊರುಗೋಲಾಗಬಲ್ಲದು. ಯೆರೆಮೀಯ 7ರಲ್ಲಿ ಜನ "ಯೆಹೋವನ ಆಲಯ" ಎಂದು ಮೂರು ಸಲ ಹೇಳಿ ಧೈರ್ಯ ತಂದುಕೊಳ್ಳುತ್ತಿದ್ದರು. ಪ್ರವಾದಿ ಅದನ್ನು ಸುಳ್ಳು ಮಾತು ಎಂದ.

ಕಳೆದ ಮೂರು ತಿಂಗಳಲ್ಲಿ ರಾತ್ರಿ ನಿದ್ದೆ ಬಾರದ ದಿನಗಳನ್ನು ನೆನಪಿಗೆ ತಂದುಕೊಂಡು, ಪ್ರತಿಯೊಂದರ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ಮೊದಲು ನೋಡುವುದೇನು, ಖಾತೆಯ ಬಾಕಿಯೋ, ಮಾರುಕಟ್ಟೆಯ ಬೆಲೆಯೋ, ಅದನ್ನೂ ಬರೆಯಿರಿ. ವಾಕ್ಯಗಳಿಂದ ಬಂದ ಪಟ್ಟಿಯೂ ಈ ಪಟ್ಟಿಯೂ ತಾಳೆಯಾಗದಿದ್ದರೆ ಎರಡನೆಯದನ್ನೇ ನಂಬಿ.

ಇಲ್ಲಿ ಸಾಮಾನ್ಯವಾಗಿ ಎರಡು ಎಡವಟ್ಟು ಆಗುತ್ತವೆ. ಪಟ್ಟಿ ನೋಡಿ ನಾಚಿಕೆಯಾಗಿ, ಆ ಹುಮ್ಮಸ್ಸಿನಲ್ಲೇ ಏನಾದರೂ ದೊಡ್ಡ ಹರಕೆ ಮಾಡಿಬಿಡುವುದು ಒಂದು. ಈ ವಾರ ಯಾವ ನಿರ್ಧಾರವೂ ಬೇಡ, ಬರೀ ನೋಡುವ ವಾರ ಇದು. ಇನ್ನೊಂದು, ಬಡತನವನ್ನೇ ಭಕ್ತಿ ಎಂದುಕೊಳ್ಳುವುದು. ಇಲ್ಲದವರಿಗೂ ಹಣವೇ ಊರುಗೋಲಾಗಿರಬಹುದು, ವ್ಯತ್ಯಾಸ ಇಷ್ಟೇ: ಅವರು ಒರಗಿರುವ ಕೋಲು ಇನ್ನೂ ಕೈಗೆ ಸಿಕ್ಕಿಲ್ಲ. ಜ್ಞಾನೋಕ್ತಿ 30:8ರ ಪ್ರಾರ್ಥನೆ ಐಶ್ವರ್ಯವನ್ನೂ ಬೇಡುವುದಿಲ್ಲ, ಬಡತನವನ್ನೂ ಬೇಡುವುದಿಲ್ಲ.

ನಾಲ್ಕನೆಯ ವಾರ: ಕಣಜಕ್ಕೊಂದು ಮಿತಿ

ಲೂಕ 12ರ ಐಶ್ವರ್ಯವಂತ ಕಳ್ಳನಲ್ಲ, ಯಾರ ಹೊಲವನ್ನೂ ನುಂಗಲಿಲ್ಲ. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೆ. ಇದ್ದ ಕಣಜ ತುಂಬಿದಾಗ ಅವನ ತಲೆಗೆ ಹೊಳೆದದ್ದು ಒಂದೇ ದಾರಿ: ಕೆಡವಿ ದೊಡ್ಡದು ಕಟ್ಟುವುದು. ತುಂಬಿದ ಕಣಜವನ್ನು ಮಿತಿ ಎಂದು ಅವನು ಓದಲಿಲ್ಲ. ಅನೇಕ ವರ್ಷಗಳಿಗೆ ಸಾಕಾಗುವಷ್ಟಿದೆ ಎಂದುಕೊಂಡವನಿಗೆ ಉಳಿದದ್ದು ಆ ಒಂದು ರಾತ್ರಿ.

ಆದ್ದರಿಂದ ಮಿತಿಯನ್ನು ಕಣಜ ತುಂಬುವ ಮೊದಲೇ ಬರೆಯಬೇಕು, ತುಂಬಿದ ಮೇಲೆ ಯಾರೂ ಬರೆಯುವುದಿಲ್ಲ. ಕೆಲಸ ಹೀಗೆ. ಮೂರು ತಿಂಗಳ ಲೆಕ್ಕದಿಂದ ಒಂದು ತಿಂಗಳ ನಿಜವಾದ ಖರ್ಚು ತೆಗೆಯಿರಿ: ಊಟ, ಬಾಡಿಗೆ, ಓದು, ಔಷಧಿ, ಓಡಾಟ. ತುರ್ತಿಗೆಂದು ಮೂರರಿಂದ ಆರು ತಿಂಗಳ ಖರ್ಚನ್ನು ಬೇರೆಯಾಗಿ ಇಡುವುದು ಹಣಕಾಸು ಬಲ್ಲವರು ಸಾಮಾನ್ಯವಾಗಿ ಹೇಳುವ ಅಳತೆ. ಕೂಲಿ, ಬೇಸಾಯ, ಸ್ವಂತ ವ್ಯಾಪಾರದಂತೆ ಆದಾಯ ಏರಿಳಿಯುವವರು ಆರರ ಕಡೆಗೆ ವಾಲಲಿ. ಆ ಮೊತ್ತವನ್ನು ಅಂಕಿಯಲ್ಲಿ ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ. ಮಕ್ಕಳ ಓದು, ಮುಪ್ಪಿನ ಕಾಲದ ಉಳಿತಾಯಕ್ಕೂ ಒಂದೊಂದು ಅಂಕಿ ಬೇಕು. ಅಂಕಿಯಿಲ್ಲದ ಉಳಿತಾಯಕ್ಕೆ ತಳವೂ ಇಲ್ಲ, ಮೇಲಂಚೂ ಇಲ್ಲ.

ಇದು ಅಪನಂಬಿಕೆ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಸ್ವಂತ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತ ಕಡೆ ಎನ್ನುತ್ತದೆ 1 ತಿಮೊಥೆ 5:8. ಕರ್ತನ ದಿನ, ಅಂದರೆ ಕ್ರಿಸ್ತನು ಮರಳಿ ಬರುವ ದಿನ, ಬಂದೇಬಿಟ್ಟಿತು ಎಂಬ ಮಾತಿಗೆ ಥೆಸಲೋನಿಕದ ಸಭೆ ಕಂಗೆಟ್ಟಿತ್ತು. ಅಲ್ಲಿ ಕೆಲಸ ಬಿಟ್ಟು ತಿರುಗುತ್ತಿದ್ದವರಿಗೆ ಪೌಲನು, ಸುಮ್ಮನೆ ದುಡಿದು ನಿಮ್ಮ ಅನ್ನ ತಿನ್ನಿರಿ ಎಂದು ಬರೆದ. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನು ಬರುವನೆಂದು ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು ಕಾದಾಗ ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟಿದ್ದರು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು ಎಂಬ ಮತ್ತಾಯ 24:36ನ್ನು ಅವರೂ ಓದಿದ್ದವರೇ.

ಸಾಲ ಇದ್ದರೆ ಅದು ಉಳಿತಾಯಕ್ಕಿಂತ ಮುಂದೆ ನಿಲ್ಲಬೇಕು. ಸಾಲ ತೆಗೆದುಕೊಂಡವನು ಕೊಟ್ಟವನಿಗೆ ದಾಸ ಎಂದು ಜ್ಞಾನೋಕ್ತಿ 22:7 ಹೇಳುತ್ತದೆ, ಮತ್ತು ದಾಸನಿಗೆ ಕರೆ ಬಂದಾಗ ಎದ್ದು ಹೋಗಲು ಆಗುವುದಿಲ್ಲ. ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಿ.

ಲೆಕ್ಕದ ಮಾದರಿಯೊಂದನ್ನು ನೋಡಿ. ತಿಂಗಳ ಆದಾಯ 100 ಪಾಲು ಎಂದುಕೊಳ್ಳಿ. ಖರ್ಚಿಗೆ 70, ಸಾಲಕ್ಕೆ 15, ಉಳಿತಾಯಕ್ಕೆ 10, ಕೊಡುವುದಕ್ಕೆ 5. ಆರು ತಿಂಗಳ ಖರ್ಚು ಎಂದರೆ 420 ಪಾಲು. ತಿಂಗಳಿಗೆ ಹತ್ತರಂತೆ ಅದು ತುಂಬಲು 42 ತಿಂಗಳು, ಅಂದರೆ ಮೂರೂವರೆ ವರ್ಷ ಬೇಕು. ಮೊದಲು ನಿಧಿ ತುಂಬಲಿ, ಆಮೇಲೆ ಕೊಡೋಣ ಎಂದು ಕಾಯುವವರು ಮೂರೂವರೆ ವರ್ಷ ಕೈ ಮುಚ್ಚಿಯೇ ಇರುತ್ತಾರೆ. ಅಷ್ಟು ಕಾಲ ಮುಚ್ಚಿದ ಕೈ ಆಮೇಲೆ ತೆರೆಯುವುದು ಕಷ್ಟ. ಎರಡೂ ಜೊತೆಜೊತೆಗೇ ಸಾಗಬೇಕು. ಸಾಲ ತೀರಿದ ದಿನ ಬಿಡುವಾಗುವ 15 ಪಾಲು ಎಲ್ಲಿಗೆ ಹೋಗಬೇಕೆಂದು ಈಗಲೇ ಬರೆದಿಡಿ. ಮನೆಗೆ 5, ಉಳಿತಾಯಕ್ಕೆ 5, ಕೊಡಲು 5 ಎಂಬುದು ಒಂದು ದಾರಿ. ಬರೆದಿಡದಿದ್ದರೆ ಆ ಹದಿನೈದೂ ಎರಡು ತಿಂಗಳಲ್ಲಿ ಗೊತ್ತಾಗದಂತೆ ಕರಗುತ್ತದೆ. ಹಗ್ಗಾಯ 1:6ರ ತೂತು ಬಿದ್ದ ಚೀಲ ಅದು.

ಐದನೆಯ ವಾರ: ಕೊಡುವ ಅಭ್ಯಾಸ

ಇಡೀ ಅಭ್ಯಾಸದ ನಡುಗಂಬ ಇದು. ಪ್ರವಾದನೆಗೂ ಹಣಕ್ಕೂ ಇರುವ ನಂಟು ಹೊಸ ಒಡಂಬಡಿಕೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಪೊಸ್ತಲರ ಕೃತ್ಯಗಳು 11ರ ಕೊನೆಯ ನಾಲ್ಕು ವಚನಗಳಲ್ಲಿ. ಅಗಬನೆಂಬ ಪ್ರವಾದಿ ಅಂತಿಯೋಕ್ಯಕ್ಕೆ ಬಂದು, ಲೋಕದಲ್ಲೆಲ್ಲ ದೊಡ್ಡ ಬರ ಬರುವುದೆಂದು ತಿಳಿಸಿದ. ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ (ಕ್ರಿ.ಶ. 41ರಿಂದ 54) ಅದು ಬಂತು. ಬರ ಬರುತ್ತದೆ ಎಂದು ಕೇಳಿದವರು ಮಾಡುವ ಮೊದಲ ಕೆಲಸ ಯಾವುದು? ಧಾನ್ಯ ಕೂಡಿಡುವುದು. ಅಂತಿಯೋಕ್ಯದವರು ಹಣ ಕೂಡಿಸಿ ಯೂದಾಯದ ಸಹೋದರರಿಗೆ ಕಳುಹಿಸಿದರು, ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕ ಹಾಗೆ, ಬಾರ್ನಬ ಮತ್ತು ಸೌಲರ ಕೈಯಲ್ಲಿ. ಬರ ತಮ್ಮ ಊರಿಗೂ ಬರಬಹುದಾಗಿದ್ದರೂ ಅವರು ಅದನ್ನೇ ಮಾಡಿದರು.

ಕೊಡುವ ವಿಧಾನವನ್ನು 1 ಕೊರಿಂಥ 16:2 ಹೇಳುತ್ತದೆ: ವಾರದ ಮೊದಲ ದಿನ, ಪ್ರತಿಯೊಬ್ಬನೂ, ಸಂಪಾದನೆಗೆ ತಕ್ಕಂತೆ, ಮನೆಯಲ್ಲಿ ತೆಗೆದಿಡಬೇಕು. ಇದನ್ನು ಅಕ್ಷರಶಃ ಮಾಡಿ ನೋಡಿ. ತಿಂಗಳ ಕೊನೆಗೆ ಮಿಕ್ಕಿದ್ದರಲ್ಲಿ ಕೊಡುವುದಕ್ಕಿಂತ ಹಣ ಕೈಗೆ ಬಂದ ದಿನವೇ ಬೇರೆ ಲಕೋಟೆಗೋ ಬೇರೆ ಖಾತೆಗೋ ಹಾಕಿ. ಇದುವರೆಗೆ ಕೊಟ್ಟು ರೂಢಿಯಿಲ್ಲದವರು ನೂರಕ್ಕೆ ಒಂದರಿಂದ ಆರಂಭಿಸಿ, ಮೂರು ತಿಂಗಳಿಗೊಮ್ಮೆ ಒಂದೊಂದು ಏರಿಸಿದರೆ ಹತ್ತಕ್ಕೆ ಮುಟ್ಟಲು ಎರಡೂಕಾಲು ವರ್ಷ. ನಿಧಾನವಾಯಿತು ಅನ್ನಿಸಬಹುದು. ಒಮ್ಮೆಲೇ ಹತ್ತಕ್ಕೆ ಹಾರಿ ನಾಲ್ಕನೆಯ ತಿಂಗಳು ನಿಲ್ಲಿಸುವುದಕ್ಕಿಂತ ಇದು ಮೇಲು. ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಆಗಲೇ ಕೊಡುತ್ತಿರುವವರು ಅದನ್ನು ಮುಟ್ಟದೆ, ಬೇರೆಯಾಗಿ ಒಂದು ಪಾಲನ್ನು ತಿರುಗಿ ಕೊಡಲಾಗದ ಯಾರಿಗಾದರೂ, ಹೆಸರು ತಿಳಿಸದೆ ಕೊಟ್ಟು ನೋಡಲಿ.

ಇಲ್ಲಿ ಕೆಡುವ ಬಗೆಗಳು ಹಲವು. ಸಾಲ ಮಾಡಿ ಕೊಡುವುದು ತಪ್ಪು. ಇಲ್ಲದ್ದಕ್ಕಲ್ಲ, ಇದ್ದದ್ದಕ್ಕೆ ತಕ್ಕಂತೆ ಎನ್ನುತ್ತದೆ 2 ಕೊರಿಂಥ 8:12. ನೂರರಷ್ಟು ಮರಳಿ ಬರುವುದೆಂದು ಕೊಡುವುದು ಇನ್ನೂ ಸೂಕ್ಷ್ಮವಾದ ತಪ್ಪು, ಏಕೆಂದರೆ ಅಲ್ಲಿ ಕೊಟ್ಟವನು ಒರಗಿರುವುದು ಮರಳಿ ಬರಲಿರುವ ಹಣದ ಮೇಲೆಯೇ. ಮೀಕ 3:11ರಲ್ಲಿ ಪ್ರವಾದಿಗಳು ಹಣಕ್ಕಾಗಿ ಕಣಿ ಹೇಳುತ್ತ, ಅದರ ಜೊತೆಗೇ ಯೆಹೋವನ ಮೇಲೆ ಒರಗಿಕೊಂಡು, ಆತನು ನಮ್ಮ ನಡುವೆ ಇದ್ದಾನಲ್ಲವೇ ಎನ್ನುತ್ತಾರೆ. ಒರಗುವಿಕೆಯ ಮಾತು ಅಲ್ಲೂ ಇದೆ, ನಾಲಿಗೆಯ ಮೇಲೆ ಮಾತ್ರ. ಅಂತ್ಯಕಾಲದ ಭಯ ಹುಟ್ಟಿಸಿ ಕಾಣಿಕೆ ಕೇಳುವವರ ಬಳಿ ಲೆಕ್ಕಪತ್ರ ಕೇಳಿ. ಪೌಲನಂಥವನೇ ಕಾಣಿಕೆ ಸಾಗಿಸುವಾಗ ಅಪವಾದ ಬಾರದಂತೆ ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಲೆಕ್ಕ ಕೇಳಿದ್ದಕ್ಕೆ ಯಾರಾದರೂ ಸಿಟ್ಟಾದರೆ ನಿಮಗೆ ಉತ್ತರ ಸಿಕ್ಕಿದಂತೆಯೇ.

ಆರನೆಯ ವಾರ: ಗಳಿಸದ ಒಂದು ದಿನ

ಮನ್ನದ ಅಳತೆ ದಿನಕ್ಕೆ ತಲೆಗೆ ಒಂದು ಓಮರ್, ಅಂದರೆ ಏಫಾ ಎಂಬ ಧಾನ್ಯದ ಅಳತೆಯ ಹತ್ತನೆಯ ಒಂದು ಪಾಲು. ಹೆಚ್ಚು ಇಟ್ಟುಕೊಂಡವರದು ಬೆಳಿಗ್ಗೆ ಹುಳು ಬಿದ್ದು ನಾರಿತು. ಏಳನೆಯ ದಿನ ವಿಶ್ರಾಂತಿಯದ್ದಾದ್ದರಿಂದ, ಆರನೆಯ ದಿನ ಮಾತ್ರ ಅಪ್ಪಣೆಯಂತೆ ಎರಡು ಓಮರ್ ಕೂಡಿಸಿ ಇಟ್ಟರು, ಅದು ಕೆಡಲಿಲ್ಲ. ಪಾತ್ರೆ ಅದೇ, ಮನ್ನವೂ ಅದೇ. ಅಪ್ಪಣೆಯಿದ್ದ ಕೂಡಿಕೆ ಉಳಿಯಿತು, ಭಯದ ಕೂಡಿಕೆ ಕೆಟ್ಟಿತು.

ಇದರ ಪ್ರವಾದನೆಯ ಮುಖ ಯಾಜಕಕಾಂಡದಲ್ಲಿದೆ. ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡಬೇಕಿತ್ತು. ಏನು ಊಟ ಮಾಡೋಣ ಎಂದು ಜನ ಕೇಳುವರೆಂದು ಮೊದಲೇ ಊಹಿಸಿ, ಆರನೆಯ ವರ್ಷ ಮೂರು ವರ್ಷದ ಬೆಳೆ ಕೊಡುವೆನೆಂದು 25:21ರಲ್ಲಿ ದೇವರ ಮಾತು ಬಂತು. ಕೇಳದಿದ್ದರೆ ನೀವು ಸೆರೆಗೆ ಹೋಗಿರುವಾಗ ಭೂಮಿ ತನ್ನ ವಿಶ್ರಾಂತಿಯನ್ನು ತಾನೇ ಪಡೆಯುವುದು ಎಂದು 26:34 ಮುಂತಿಳಿಸಿತು. ಬಾಬೆಲಿನ ಎಪ್ಪತ್ತು ವರ್ಷಗಳಲ್ಲಿ ಹಾಗೆಯೇ ಆಯಿತೆಂದು 2 ಪೂರ್ವಕಾಲವೃತ್ತಾಂತ 36:21 ಲೆಕ್ಕ ಕೊಡುತ್ತದೆ.

ವಾರದಲ್ಲಿ ಇಪ್ಪತ್ನಾಲ್ಕು ಗಂಟೆ ಆರಿಸಿಕೊಳ್ಳಿ. ಆ ಹೊತ್ತಿನಲ್ಲಿ ಸಂಪಾದನೆಯಿಲ್ಲ, ಕೊಳ್ಳುವುದಿಲ್ಲ, ಖಾತೆ ನೋಡುವುದಿಲ್ಲ, ಬೆಲೆ ವಿಚಾರಿಸುವುದಿಲ್ಲ. ಆಸ್ಪತ್ರೆ, ದನಕರು, ಕಾವಲಿನಂಥ ಕೆಲಸದಲ್ಲಿರುವವರು ಆರು ಗಂಟೆಯಿಂದ ತೊಡಗಲಿ. ಮೊದಲ ಎರಡು ಮೂರು ವಾರ ವಿಶ್ರಾಂತಿಯ ಬದಲು ಕಸಿವಿಸಿಯೇ ಆಗುತ್ತದೆ. ಆಗ ಮನಸ್ಸು ಯಾವ ಕಡೆಗೆ ಓಡಿತು ಎಂದು ಗುರುತು ಹಾಕಿಕೊಂಡು ಮೂರನೆಯ ವಾರದ ಪಟ್ಟಿಗೆ ಸೇರಿಸಿ.

ಭಯದ ಸುದ್ದಿ ಬಂದಾಗ

ಯುದ್ಧ, ಸಾಂಕ್ರಾಮಿಕ ರೋಗ, ಬ್ಯಾಂಕಿನ ಕುಸಿತ ಏನೇ ಬಂದರೂ ಇದೇ ಅಂತ್ಯ ಎನ್ನುವ ವಿಡಿಯೋಗಳು ಮೊಬೈಲಿಗೆ ಬರುತ್ತವೆ. ಏಳು ದಿನ ಹಣವನ್ನು ಆಚೀಚೆ ಮಾಡಬೇಡಿ. ಉಳಿತಾಯ ಮುರಿಯುವುದು, ಭೂಮಿ ಮಾರುವುದು, ಬಂಗಾರ ಕೊಳ್ಳುವುದು ಯಾವುದೂ ಬೇಡ. ಆ ಏಳು ದಿನದಲ್ಲಿ ಸಂದೇಶವನ್ನು ಮೂರು ಜರಡಿ ಹಿಡಿಯಿರಿ. ಅದು ದಿನಾಂಕ ಹೇಳುತ್ತದೆಯೇ? ಹೇಳಿದರೆ ಅಲ್ಲಿಗೆ ಬಿಡಿ. ಅದರ ಕೊನೆಯಲ್ಲಿ ಮಾರಾಟಕ್ಕೆ ಏನಾದರೂ ಇದೆಯೇ? ಹೇಳಿದವನ ಹಿಂದಿನ ಮಾತುಗಳು ನೆರವೇರಿದವೇ? ಈ ಮೂರನೆಯ ಜರಡಿ ಧರ್ಮೋಪದೇಶಕಾಂಡ 18:22ರದು.

ಬಂಗಾರದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಅಂತ್ಯಕಾಲದ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಅದೂ ಒಂದು. ಯೆಹೆಜ್ಕೇಲ 7:19ರಲ್ಲಿ ಜನ ಬೆಳ್ಳಿಯನ್ನು ಬೀದಿಗೆ ಎಸೆಯುತ್ತಾರೆ, ಬಂಗಾರ ಅವರಿಗೆ ಹೊಲಸಾಗಿ ಕಾಣುತ್ತದೆ, ಏಕೆಂದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ದಾನಿಯೇಲ 2ರ ಪ್ರತಿಮೆಯಲ್ಲಿ ಜೇಡಿಮಣ್ಣಿನ ಜೊತೆ ಬಂಗಾರದ ತಲೆಯೂ ಪುಡಿಯಾಗಿ ಕಣದ ಹೊಟ್ಟಿನಂತೆ ಹಾರಿಹೋಗುತ್ತದೆ. ಬೆಲೆಯೇರುವ ವಸ್ತು ಎಂದು ಕೊಂಡರೆ ಅದು ನಿಮ್ಮ ವ್ಯವಹಾರ. ಪ್ರವಾದನೆ ಹೀಗೆ ಹೇಳಿದೆ ಎಂದು ಕೊಳ್ಳುವುದಾದರೆ ಪ್ರವಾದನೆ ಹೇಳಿದ್ದು ಅದಕ್ಕೆ ವಿರುದ್ಧ.

ಮೃಗದ ಗುರುತಿಲ್ಲದವರು ಕೊಳ್ಳಲೂ ಮಾರಲೂ ಆಗದು ಎಂಬ ಪ್ರಕಟನೆ 13:17ನ್ನು 14:12ರ ತನಕ ನಿಲ್ಲಿಸದೆ ಓದಿ. ಅಲ್ಲಿನ ಪ್ರಶ್ನೆ ಯಾರನ್ನು ಆರಾಧಿಸುತ್ತೀರಿ ಎಂಬುದು. ಉಗ್ರಾಣದಲ್ಲಿ ಎಷ್ಟಿದೆ ಎಂದು ಆ ಭಾಗ ಎಲ್ಲಿಯೂ ಕೇಳುವುದಿಲ್ಲ. ಏಳನೆಯ ದಿನ ಅಂತಿಯೋಕ್ಯದವರ ಪ್ರಶ್ನೆ ಹಾಕಿಕೊಳ್ಳಿ: ಈ ಸುದ್ದಿ ನಿಜವಾದರೆ ಮೊದಲು ಏಟು ಬೀಳುವುದು ಯಾರಿಗೆ? ಅವರಲ್ಲಿ ಒಬ್ಬರ ಹೆಸರು ಬರೆದು, ಆ ವಾರದ ಲಕೋಟೆಯನ್ನು ಅವರಿಗೆ ಕೊಡಿ.

ಕೋಲು ನಿಜವಾಗಿ ಮುರಿದಾಗ

ಕೆಲಸ ಹೋಗಬಹುದು, ವ್ಯಾಪಾರ ಮುಳುಗಬಹುದು, ಕಳ್ಳತನವಾಗಬಹುದು. ಹಬಕ್ಕೂಕ 3:17ರಲ್ಲಿ ಆರು ನಷ್ಟಗಳಿವೆ: ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ. ಆ ಕಾಲದ ರೈತನೊಬ್ಬನ ಪೂರ್ತಿ ಆಸ್ತಿಪತ್ರ ಅದು. ಅದರ ಕೆಳಗೆ, ಆದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂಬ ಸಾಲು. ಆ ಸಾಲನ್ನು ನಷ್ಟವಾದವರ ಮುಖಕ್ಕೆ ಹಿಡಿಯುವವರು ಅದರ ಹಿಂದಿನ ವಚನವನ್ನು ಓದಿಲ್ಲ. 16ರಲ್ಲಿ ಪ್ರವಾದಿಯ ತುಟಿ ಅದುರುತ್ತದೆ, ಕಾಲು ನಡುಗುತ್ತದೆ. ನಡುಗುವ ಕಾಲಿನಲ್ಲೇ ನಿಂತು ಹೇಳಿದ ಮಾತು ಅದು. ನಷ್ಟವಾದವರಿಗೆ, ನಿಮ್ಮ ನಂಬಿಕೆ ಸಾಲದು ಎಂದು ಯಾರೂ ಹೇಳಬಾರದು.

ಮೊದಲ ವಾರ ಮಾಡಬೇಕಾದ್ದು ಇಷ್ಟು. ಇಬ್ಬರಿಗೆ ವಿಷಯ ತಿಳಿಸಿ, ಮುಚ್ಚಿಡಬೇಡಿ. ಮುಂದಿನ ಮೂವತ್ತು ದಿನದಲ್ಲಿ ಕಟ್ಟಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಸಾಲ ಕೊಟ್ಟವರ ಜೊತೆ ಕಂತಿನ ದಿನಕ್ಕೆ ಮುಂಚೆಯೇ ಮಾತಾಡಿ, ದಿನ ದಾಟಿದ ಮೇಲೆ ಕೇಳುವ ಕಿವಿ ಕಡಿಮೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಬೇಡ. ತುರ್ತಿಗೆಂದು ಇಟ್ಟದ್ದನ್ನು ಈಗ ಮುಟ್ಟಬಹುದು, ಇಟ್ಟದ್ದೇ ಅದಕ್ಕೆ. ಬೇರೆಯವರು ಕೊಟ್ಟರೆ ತೆಗೆದುಕೊಳ್ಳಿ. ಕೊಡುವುದನ್ನು ಕಲಿತವರಿಗೆ ಇದು ಕೊಡುವುದಕ್ಕಿಂತ ಕಷ್ಟ. ಕೈಯಲ್ಲಿ ಹಣವಿಲ್ಲದ ತಿಂಗಳು ಲಕೋಟೆಯ ಬದಲು ಒಬ್ಬರಿಗೆ ಎರಡು ಗಂಟೆ ಹೊತ್ತು ಕೊಡಿ.

ಯೆರೆಮೀಯ 39:10ನ್ನು ಆ ದಿನಗಳಲ್ಲಿ ಓದಿ. ಯೆರೂಸಲೇಮ್ ಬಿದ್ದಾಗ ಆಸ್ತಿವಂತರು ಸೆರೆಹೋದರು. ಏನೂ ಇಲ್ಲದ ಬಡವರನ್ನು ಬಾಬೆಲಿನ ಕಾವಲುದಂಡಿನ ನಾಯಕ ದೇಶದಲ್ಲೇ ಬಿಟ್ಟು, ಅವರಿಗೆ ದ್ರಾಕ್ಷಿತೋಟ, ಹೊಲಗಳನ್ನು ಕೊಟ್ಟ.

ಆರು ವಾರ ಆದ ಮೇಲೆ

ಅದೇ ಯೆರೆಮೀಯ, ಪಟ್ಟಣ ಬೀಳುವ ಮುನ್ನ ಕಾವಲಿನಲ್ಲಿದ್ದುಕೊಂಡೇ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡಿದ್ದ. ಮಾರಿದವನು ಚಿಕ್ಕಪ್ಪನ ಮಗ ಹನಮೇಲ. ಸಾಕ್ಷಿಗಳ ಮುಂದೆ ತೂಗಿ ಕೊಟ್ಟು, ಮುದ್ರೆ ಹಾಕಿದ ಒಂದು ಪತ್ರ, ತೆರೆದ ಒಂದು ಪತ್ರ, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡು ಎಂದ. ಶತ್ರುವಿನ ಕೈ ಸೇರಲಿದ್ದ ದೇಶದಲ್ಲಿ ಹೊಲ ಕೊಂಡದ್ದು ಲಾಭಕ್ಕಲ್ಲ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ತೋಟಗಳ ಕ್ರಯವಿಕ್ರಯ ನಡೆಯುವುದು ಎಂಬ ದೇವರ ಮಾತಿಗೆ ಆ ಪತ್ರ ಗುರುತಾಗಿತ್ತು.

ನಿಮ್ಮ ಮೂರನೆಯ ವಾರದ ಪಟ್ಟಿ ಮತ್ತು ಸಹಿ ಹಾಕಿದ ಮಿತಿಯ ಹಾಳೆಯನ್ನೂ ಎರಡು ಪ್ರತಿ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಇನ್ನೊಂದನ್ನು ಮನೆಪತ್ರ, ಬ್ಯಾಂಕಿನ ಪುಸ್ತಕ, ವಿಮೆಯ ಕಾಗದ ಇಡುವ ಜಾಗದಲ್ಲೇ, ಎಲ್ಲದರ ಮೇಲೆ ಇಡಿ. ಆ ಕಾಗದಗಳನ್ನು ತೆಗೆಯುವಾಗಲೆಲ್ಲ ಮೊದಲು ಕೈಗೆ ಸಿಗುವುದು ಇದೇ ಆಗಬೇಕು. ಮೂರು ತಿಂಗಳ ಆಚೆಯ ಒಂದು ದಿನಾಂಕವನ್ನು ಅದರ ತಲೆಯ ಮೇಲೆ ಬರೆದು, ಆ ದಿನ ಮೂರು ಅರ್ಧ ವಾಕ್ಯಗಳನ್ನು ಹೊಸ ಪುಟದಲ್ಲಿ, ಹಳೆಯದನ್ನು ನೋಡದೆ ಮತ್ತೆ ತುಂಬಿಸಿ.